ಶ್ರಾವಣದಲ್ಲಿ ಮಡುವಿಗೆ ಹಾಕಿದ ಮೇವು

ಗೊಲ್ಲರಹಟ್ಟಿ, ಪುರವರ ಹೋಬಳಿ,
ಮಧುಗಿರಿ ತಾಲ್ಲೂಕು.
18-8-2025, ಶ್ರಾವಣದ ಕೊನೆಯ ಸೋಮವಾರ

ಪ್ರೀತಿಯ ಯಶೋದಕ್ಕಾ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸಿಬಿಡು. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದೆಲ್ಲ ಸಹಿ ಹಾಕುವುದಕ್ಕೆ ಮಾತ್ರ. ಸಾಲು ಹಿಡಿದು ಬರೆಯೋಣ ಎಂದು ಹೊರಟರೂ ಅಕ್ಷರಗಳು ಬೀಳು ಹೊಲಕ್ಕೆ ಬಿಟ್ಟ ಕುರಿಗಳ ಹಾಗೆ ಒಂದು ಮೇಲೆ ಒಂದು ಕೆಳಗೆ ಹೋಗುತ್ತವೆ. ಒತ್ತು, ದೀರ್ಘ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಬಾವನಿಗೆ ತೋರಿಸುವುದಾದರೆ ಮೊದಲು ನೀನು ತಿದ್ದಿ ಆಮೇಲೆ ತೋರಿಸು, ಅವರು ಪಿಯುಸಿ ಓದಿದವರು.

ನೀನು ಹೇಗಿದ್ದೀಯ? ಗಂಟಲು ನೋವು ಎಂದು ಅಮ್ಮ ಹೇಳುತ್ತಿದ್ದಳು, ಈಗ ಹೋಯಿತೆ? ಗಗನಾ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ ಎಂದು ಕೇಳಿದೆ. ನೀನು ಅಮ್ಮನ ಫೋನಿಗೆ ಕಳಿಸಿದ ಫೋಟೋದಲ್ಲಿ ಅವಳ ಹಣೆ ಥೇಟ್ ಅಪ್ಪನದು, ಅಗಲಕ್ಕೆ, ಸ್ವಲ್ಪ ಮುಂದಕ್ಕೆ. ಪಾಪ, ಹೆಣ್ಣು ಮಗು. ಬಾವ ಚೆನ್ನಾಗಿದ್ದಾರೆಯೆ? ನಿಮ್ಮತ್ತೆ ದಾಕ್ಷಾಯಣಮ್ಮನವರ ಮಂಡಿ ನೋವಿಗೆ ಅಮ್ಮ ಲಕ್ಕಿ ಸೊಪ್ಪಿನ ಎಣ್ಣೆ ಕಾಯಿಸಿ ಇಟ್ಟಿದ್ದಾಳೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಮೊದಲಿನ ಹಾಗೆಯೇ ಕೋಪ ಜಾಸ್ತಿ, ಅಂದರೆ ಆರೋಗ್ಯವಾಗಿದ್ದಾಳೆ. ಕರಿಮುಖದ ಕುರಿ ಅವಳಿ ಹಾಕಿತು, ಎರಡೂ ಹೆಣ್ಣು. ಮಳೆ ಚೆನ್ನಾಗಿ ಆಯಿತು. ಕಡಲೆಕಾಯಿ ಬಳ್ಳಿ ನೆಲ ಕಾಣದ ಹಾಗೆ ಹಬ್ಬಿದೆ. ಜಯಮಂಗಲಿ ಹೊಳೆಯಲ್ಲಿ ನೀರು ಹರಿಯುತ್ತಿದೆ.

ಇದನ್ನೆಲ್ಲ ಅಮ್ಮನ ಫೋನಿನಲ್ಲಿ ಹೇಳಬಹುದಿತ್ತು ಎಂದು ನೀನು ಅಂದುಕೊಳ್ಳುತ್ತೀಯ. ನಿನಗೆ ಗೊತ್ತಲ್ಲ, ಫೋನು ಕಿವಿಗೆ ಇಟ್ಟರೆ ನನಗೆ ‘ಹೂಂ’ ಮತ್ತು ‘ಊಟ ಆಯ್ತಾ’ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅಮ್ಮನೋ ಸ್ಪೀಕರ್ ಹಾಕದೆ ಮಾತಾಡುವವಳಲ್ಲ. ಕುರಿ ರೊಪ್ಪದ ಹಿಂದೆ ನಿಂತು ತಾನು ಗುಟ್ಟಾಗಿ ನಿನ್ನ ಹತ್ತಿರ ಮಾತಾಡುತ್ತೇನೆ ಎಂದು ಅವಳು ತಿಳಿದುಕೊಂಡಿದ್ದಾಳೆ, ನೀನು ಬೆಳಿಗ್ಗೆ ಏನು ತಿಂಡಿ ಮಾಡಿದೆ ಎನ್ನುವುದು ಅರ್ಧ ಹಟ್ಟಿಗೆ ಗೊತ್ತು. ನನ್ನ ಫೋನು ಆನೆಬಂಡೆ ಮಡುವಿನಲ್ಲಿದೆ. ಬಗ್ಗಿದಾಗ ಅಂಗಿ ಜೇಬಿನಿಂದ ಜಾರಿ ಹೋಯಿತು. ಅಲ್ಲಿ ಯಾಕೆ ಬಗ್ಗಿದೆ ಎನ್ನುವುದೇ ಈ ಪತ್ರ.

ಅಕ್ಕಾ, ಟೆಂಪೋದಲ್ಲಿ ಪಾತ್ರೆ ಮಾರಿಕೊಂಡು ಬರುತ್ತಿದ್ದ ಬಾವನನ್ನು ನೀನು ಮದುವೆಯಾಗಿ ಹೋದ ಮೇಲೆ ಅಪ್ಪ ನಿನ್ನ ಹೆಸರು ಎತ್ತಿಲ್ಲ. ಯಾರಾದರೂ ಎತ್ತಿದರೆ ಟವೆಲ್ಲು ಕೊಡವಿಕೊಂಡು ಎದ್ದು ಹೋಗುತ್ತಾನೆ. ಮಗು ಹುಟ್ಟಿದ ಸುದ್ದಿಯನ್ನು ಅಮ್ಮ ಕುರಿಗಳಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು, ಅಪ್ಪ ಕುರಿಗಳ ಕಡೆಯೇ ನೋಡುತ್ತಾ ನಿಂತಿದ್ದ. ನೀನು ಮತ್ತೆ ಈ ಹಟ್ಟಿಗೆ ಬರಬೇಕು, ಅಪ್ಪ ನಿನ್ನನ್ನು ಮಾತಾಡಿಸಬೇಕು ಎನ್ನುವುದು ನನ್ನ ಆಸೆ. ಜಾತಿಯವರು ಏನನ್ನುತ್ತಾರೆ ಎನ್ನುವುದಕ್ಕಿಂತ ಅಪ್ಪನಿಗೆ ನೋವಾದದ್ದು ನೀನು ಅವನಿಗೆ ಮೊದಲು ಹೇಳಲಿಲ್ಲ ಎನ್ನುವುದು. ಇದನ್ನು ಅಪ್ಪ ಹೇಳಿಲ್ಲ, ನಾನು ಅವನ ಜೊತೆ ಕುರಿ ಕಾಯುವವನು, ನನಗೆ ಗೊತ್ತು.

ನೀನು ಹೋದ ಮೇಲೆ ಅಪ್ಪ ಮೀನು ಹಿಡಿಯುವುದನ್ನೂ ಬಿಟ್ಟ. ಗಾಳದ ಕೋಲುಗಳು ಸೂರಿನಲ್ಲಿ ಸಿಕ್ಕಿಸಿದ ಹಾಗೆಯೇ ಇದ್ದವು, ಒಂದರ ತುದಿಗೆ ಕಣಜ ಗೂಡು ಕಟ್ಟಿತ್ತು. ಹಾಗಾಗಿ ಈ ಶ್ರಾವಣ ಶುರುವಾದಾಗ ನಾನು ಯೋಚನೆ ಮಾಡಿದೆ. ಮನೆಯಲ್ಲಿ ಕೂತು ನಿನ್ನ ಮಾತು ತೆಗೆದರೆ ಅಪ್ಪ ಏಳುತ್ತಾನೆ. ಹೊಳೆಯ ದಡದಲ್ಲಿ ಕೂತವನು ಅಷ್ಟು ಬೇಗ ಏಳುವುದಿಲ್ಲ. ಮೊದಲು ಅವನನ್ನು ಹೊಳೆಗೆ ಇಳಿಸಬೇಕು, ಉಳಿದದ್ದು ಆಮೇಲೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬಾವ ಓದಿದರೆ ಅವರಿಗೂ ತಿಳಿಯಲಿ. ಶ್ರಾವಣದಲ್ಲಿ ನಮ್ಮ ಹಟ್ಟಿಯವರು ಮೀನು ಮಾಂಸ ಮುಟ್ಟುವುದಿಲ್ಲ, ಗಾಳವನ್ನೂ ಹಾಕುವುದಿಲ್ಲ. ಮಡುವಿಗೆ ಮೇವು ಹಾಕುವುದಕ್ಕೆ ಮಾತ್ರ ಅಡ್ಡಿ ಇಲ್ಲ. ‘ಉಪಾಸ ನಮಗೆ, ಗೆಂಡೆಗಲ್ಲ’ ಎಂದು ಅಪ್ಪ ಹೇಳುತ್ತಿದ್ದ. ಗೆಂಡೆ ಮೀಸೆಯ ಮೀನು. ತಳದಲ್ಲಿ ಮೀಸೆ ಆಡಿಸಿಕೊಂಡು, ಮುಟ್ಟಿ ನೋಡಿ ತಿನ್ನುತ್ತದೆ. ಬಹಳ ಅನುಮಾನದ ಮೀನು. ಒಂದೇ ದಿನ ಹೋಗಿ ಗಾಳ ಹಾಕಿದರೆ ದೊಡ್ಡ ಗೆಂಡೆ ಹತ್ತಿರ ಸುಳಿಯುವುದಿಲ್ಲ, ಚಿಕ್ಕ ಮರಿಗಳು ಬಂದು ಎರೆಹುಳು ಕಿತ್ತುಕೊಂಡು ಹೋಗುತ್ತವೆ. ಅದಕ್ಕೆ ಮೊದಲೇ ಒಂದು ಜಾಗ ಗೊತ್ತು ಮಾಡಿಕೊಂಡು, ದಿನಾ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ, ಸ್ವಲ್ಪ ಸ್ವಲ್ಪ ಹಾಕುತ್ತಾ ಹೋಗಬೇಕು. ಮೇವಿನ ದಿನಗಳಲ್ಲಿ ಗಾಳ ತೋರಿಸಲೇಬಾರದು. ‘ಮೇವು ಹಾಕುವಾಗ ಮೀನಿನ ಮೇಲೆ ಆಸೆ ಇಟ್ಟುಕೋಬಾರದು ಕಣ್ಲಾ, ಆಸೆ ಇದ್ದರೆ ಕೈ ಜಾಸ್ತಿ ಹಾಕುತ್ತೆ’ ಎಂದು ನೀನು ನನಗೆ ಹೇಳುತ್ತಿದ್ದೆ. ಹೊಟ್ಟೆ ತುಂಬಿದ ಗೆಂಡೆ ಮಲಗುತ್ತದೆ, ಅರ್ಧ ಹಸಿದ ಗೆಂಡೆ ಕಾಯುತ್ತದೆ.

ಅಪ್ಪನ ವಿಷಯದಲ್ಲಿ ನಾನು ಮೊದಲನೇ ದಿನವೇ ಆಸೆ ಇಟ್ಟುಕೊಂಡೆ. ಕುರಿ ನೀರಿಗೆ ಬಿಟ್ಟಿದ್ದಾಗ, ‘ಅಪ್ಪಾ, ಅಕ್ಕನ್ನ ಕರ್ಸನಾ?’ ಎಂದು ಕೇಳಿಯೇಬಿಟ್ಟೆ. ಅಪ್ಪ ಕುರಿಗಳನ್ನು ಎಬ್ಬಿಸಿಕೊಂಡು ಗುಡ್ಡದ ಕಡೆ ಹೋದವನು ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅಮ್ಮ ನನ್ನನ್ನು, ‘ನಿನಗೆ ಮಾತು ಬರೋದೇ ವರ್ಷಕ್ಕೊಂದ್ಸಲ, ಅದನ್ನೂ ಕೆಡಿಸ್ಕೊಂಡ್ಯಲ್ಲಾ’ ಎಂದು ಬೈದಳು. ಆವತ್ತಿನಿಂದ ನಾನು ಕೇಳುವುದನ್ನು ಬಿಟ್ಟೆ. ಬರೀ ಹೇಳುತ್ತಾ ಹೋದೆ, ಅದೂ ಚೂರು ಚೂರು. ಮಡುವಿನ ತಿರುವು ಬಂದಾಗ, ‘ಇಲ್ಲೇ ಅಲ್ವಾ ಅಕ್ಕ ಜಾರಿ ಬಿದ್ದಿದ್ದು’ ಎನ್ನುತ್ತಿದ್ದೆ. ಅಷ್ಟೇ. ಉತ್ತರಕ್ಕೆ ಕಾಯದೆ ಕುರಿಯನ್ನು ಹೊಡೆದುಕೊಂಡು ಮುಂದೆ ಹೋಗುತ್ತಿದ್ದೆ. ಅಪ್ಪ ದಾರಿ ಬಿಟ್ಟು ಹೋಗಲಿಲ್ಲ, ಟವೆಲ್ಲು ಕೊಡವಲಿಲ್ಲ. ಅದು ನನಗೆ ಸಾಕಾಗಿತ್ತು.

ಮಡುವಿಗೆ ಮೇವು ಹಾಕುವುದನ್ನೂ ಅವತ್ತೇ ಶುರು ಮಾಡಿದೆ. ನೆನಸಿದ ಕಡಲೆಕಾಯಿ ಹಿಂಡಿ, ಬೇಯಿಸಿ ಹಿಸುಕಿದ ಹುರುಳಿ, ಮುದ್ದೆ ಮಾಡಿದ ಪಾತ್ರೆಯ ತಳದಲ್ಲಿ ಹಿಡಿದ ಸೀಕು. ಸೀಕಿನ ವಾಸನೆಗೆ ಗೆಂಡೆ ದೂರದಿಂದ ಬರುತ್ತದೆ ಎನ್ನುವುದು ನೀನು ಕಂಡುಹಿಡಿದ ವಿದ್ಯೆ, ನಾನು ಮರೆತಿಲ್ಲ. ಅಮ್ಮನಿಗೆ ವಿಷಯ ಹೇಳಿದೆ. ಅವಳು ಏನೂ ಕೇಳದೆ ದಿನಾ ಮುದ್ದೆಯ ತಳ ಹಿಡಿಸಲು ಶುರು ಮಾಡಿದಳು. ಅಪ್ಪ ಒಂದು ದಿನ, ‘ಏನೇ ಇದು, ಇಷ್ಟು ವರ್ಷಕ್ಕೆ ಮುದ್ದೆ ತಿರುವೋದು ಮರ್ತೋಯ್ತಾ?’ ಎಂದ. ಅಮ್ಮ, ‘ಸೌದೆ ಸರಿ ಇಲ್ಲ’ ಎಂದಳು. ನಮ್ಮ ಮನೆಯಲ್ಲಿ ಈಗ ಗ್ಯಾಸಿದೆ, ಅಪ್ಪನಿಗೆ ಅದು ಹೊಳೆಯಲಿಲ್ಲ, ಅಥವಾ ಹೊಳೆದರೂ ಸುಮ್ಮನಾದ.

ಈಗ ನಾನು ಮಾಡಿದ ಒಂದು ತಪ್ಪನ್ನು ಕೇಳು. ಮೇವು ಹರಿಯುವ ನೀರಿನಲ್ಲಿ ತೇಲಿ ಹೋಗಬಾರದು, ತಳಕ್ಕೆ ಇಳಿದು ಅಲ್ಲೇ ನಿಧಾನವಾಗಿ ಕರಗಬೇಕು. ಅದಕ್ಕೆ ಅಂಟು ಮಣ್ಣು ಸೇರಿಸಿ ಉಂಡೆ ಕಟ್ಟಬೇಕು ಎನ್ನುವುದು ನೆನಪಿತ್ತು. ಯಾವ ಮಣ್ಣು ಎನ್ನುವುದು ಮರೆತಿತ್ತು. ಹುತ್ತದ ಮಣ್ಣಿಗಿಂತ ಅಂಟು ಯಾವುದಿದೆ ಎಂದು ಹೊಂಗೆ ಮರದ ಹತ್ತಿರದ ಹುತ್ತದ ಒಂದು ಮೂಲೆಯನ್ನು ಕುಡುಗೋಲಿನಲ್ಲಿ ಕೆತ್ತಿ ಬುಟ್ಟಿಗೆ ತುಂಬಿಕೊಂಡೆ. ನಾಗರ ಪಂಚಮಿ ಆಗಿ ನಾಲ್ಕು ದಿನವೂ ಆಗಿರಲಿಲ್ಲ. ಹಟ್ಟಿಯ ಹೆಂಗಸರೆಲ್ಲ ಹಾಲು ಎರೆದು ಅರಿಶಿನ ಹಚ್ಚಿದ್ದ ಹುತ್ತ ಅದೇ. ನನಗೆ ಅರಿಶಿನ ಕಂಡಿತ್ತು ಅಕ್ಕಾ, ಆದರೆ ತಲೆಯಲ್ಲಿ ಬರೀ ಗೆಂಡೆ ಇತ್ತು.

ಸಂಜೆ ಹೊತ್ತಿಗೆ ಹೆಂಗಸರು ನಮ್ಮ ಬಾಗಿಲಿಗೆ ಬಂದರು. ಮುಂದೆ ನಿಂತವಳು ಕ್ಯಾತಣ್ಣ ಚಿಕ್ಕಪ್ಪನ ಹೆಂಡತಿ ರಾಮಾಂಜಿನಮ್ಮ ಚಿಕ್ಕಮ್ಮ. ‘ಏನ್ಲಾ ಚಿಕ್ಕರಾಜು, ನಾಗಪ್ಪನ ಮನೆ ಕಿತ್ತು ಮೀನಿಗೆ ಉಂಡೆ ಮಾಡ್ದಂತೆ? ಅದೂ ಶ್ರಾವಣದಾಗೆ? ನಿನಗೇನು ದೆವ್ವ ಬಡ್ದದಾ?’ ಎಂದಳು. ನಾನು ಕೈಯಲ್ಲಿ ಉಂಡೆ ಹಿಡಿದುಕೊಂಡು ನಿಂತಿದ್ದೆ. ಅಮ್ಮ ನನ್ನ ಕಡೆಗೋ ಅವರ ಕಡೆಗೋ ತಿಳಿಯದೆ ಇಬ್ಬರನ್ನೂ ಬೈಯುತ್ತಿದ್ದಳು. ಆಗ ಜಗುಲಿಯ ಮೇಲಿಂದ ಒಂದು ಸದ್ದು ಬಂತು. ಅಪ್ಪ ನಗುತ್ತಿದ್ದ. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದರೆ, ಕೆಮ್ಮು ಬಂತೇನೋ ಎಂದು ಅಮ್ಮ ನೀರು ತರಲು ಒಳಗೆ ಹೋದಳು. ‘ಹಾಲು ತುಪ್ಪ ಕುಡ್ದಿರೋ ಮಣ್ಣು ಕಣಮ್ಮ ಅದು. ಗೆಂಡೆ ಇರ್ಲಿ, ಆ ವಾಸನೆಗೆ ಮೊಸಳೇನೇ ಬಂದ್ಬುಡ್ತದೆ’ ಎಂದ. ರಾಮಾಂಜಿನಮ್ಮ ಚಿಕ್ಕಮ್ಮನೂ ಸೆರಗು ಬಾಯಿಗೆ ಹಿಡಿದುಕೊಂಡಳು. ನಾನು ಮಣ್ಣನ್ನು ಹಾಗೆಯೇ ತೆಗೆದುಕೊಂಡು ಹೋಗಿ ಹುತ್ತದ ಬುಡಕ್ಕೆ ಸುರಿದು, ಒಂದು ಲೋಟ ಹಾಲು ಎರೆದು, ಅಡ್ಡಬಿದ್ದು ಬಂದೆ.

ತಿರುಗಿ ಬಂದಾಗ ಅಪ್ಪ ಕಾಯುತ್ತಿದ್ದ. ‘ಕೆರೆ ಗೋಡು ಮಣ್ಣು ಹಾಕ್ಬೇಕು ಕಣ್ಲಾ. ಅದೂ ಒಣಗಿಸಿ ಪುಡಿ ಮಾಡಿ. ಎಲ್ಲಿ ಎಸಿತಾ ಇದೀಯ?’ ಎಂದು ಕೇಳಿದ. ಬಂಡೆಯ ನೆರಳಲ್ಲಿ, ನಿಂತ ನೀರಲ್ಲಿ ಎಂದೆ. ‘ಅದ್ಕೇ. ನಿಂತ ನೀರಲ್ಲಿ ಆಮೆ, ಏಡಿ ತಿಂದ್ಕೊಂಡು ಕೊಬ್ತಾ ಅವೆ. ಸೆಳವಿನ ಅಂಚಿಗೆ ಹಾಕು, ಮೇಲ್ಗಡೆಯಿಂದ. ವಾಸ್ನೆ ಕೆಳಗೆ ಹರ್ಕೊಂಡು ಹೋಗ್ಲಿ. ಗೆಂಡೆ ವಾಸ್ನೆ ಹಿಡ್ಕೊಂಡು ಮೇಲಕ್ಕೆ ಬರ್ತದೆ’ ಎಂದ. ಇಷ್ಟು ಉದ್ದದ ಮಾತು ಅಪ್ಪ ಈ ವರ್ಷ ಆಡಿರಲಿಲ್ಲ. ನಾನು ಸುಮ್ಮನೆ ತಲೆ ಆಡಿಸಿದೆ. ಒಳಗೆ ನನಗೆ ಗೊತ್ತಾಗಿತ್ತು, ಅಪ್ಪ ಇನ್ನು ಬರುತ್ತಾನೆ.

ಬಂದ. ಮಾರನೇ ದಿನವಲ್ಲ, ಅದರ ಮರುದಿನವೂ ಅಲ್ಲ. ನಾನು ಅಮ್ಮನ ಒಂದು ಹಳೇ ಸ್ಟೀಲ್ ತಟ್ಟೆಗೆ ಮೂರು ತೂತು ಹೊಡೆದು, ದಾರ ಕಟ್ಟಿ, ಅದರ ಮೇಲೆ ಮೇವಿನ ಉಂಡೆ ಇಟ್ಟು ಮಡುವಿನ ತಳಕ್ಕೆ ಇಳಿಸುತ್ತಿದ್ದೆ. ಬೆಳಿಗ್ಗೆ ಎತ್ತಿ ನೋಡಿದರೆ ಮೀನು ತಿಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅಮ್ಮ ಮಾತ್ರ ತಟ್ಟೆ ಹುಡುಕುತ್ತಾ, ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ಟುಕೊಂಡು ಓಡಾಡುತ್ತಿದ್ದಳು. ಆ ತಟ್ಟೆ ಎತ್ತಲು ಬಗ್ಗಿದಾಗಲೇ ನನ್ನ ಫೋನು ಹೋದದ್ದು. ಒಂದು ಬೆಳಿಗ್ಗೆ ನಾನು ತಟ್ಟೆ ಎತ್ತುವಾಗ ಹಿಂದೆ ಅಪ್ಪ ನಿಂತಿದ್ದ. ತಟ್ಟೆ ತೊಳೆದಿಟ್ಟ ಹಾಗಿತ್ತು. ಅಪ್ಪ ಅದನ್ನು ಇಸಕೊಂಡು ಅಂಚನ್ನು ಬೆರಳಲ್ಲಿ ಸವರಿ, ಏಡಿ ಕೆರೆದ ಗುರುತಿಲ್ಲ ಎಂದು ನೋಡಿ, ‘ಗೆಂಡೆನೇ. ದೊಡ್ಡವು’ ಎಂದ. ಆಮೇಲೆ ಬಂಡೆಯ ಮೇಲೆ ಮೊಣಕೈ ಊರಿ ಮಲಗಿಕೊಂಡು ನೀರು ನೋಡುತ್ತಾ ಬಹಳ ಹೊತ್ತು ಇದ್ದ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಒಂದು ಗೆಂಡೆ ಮಗುಚಿದಾಗ ಅದರ ಹೊಟ್ಟೆ ತಾಮ್ರದ ತಗಡಿನ ಹಾಗೆ ಹೊಳೆದು ಮಾಯವಾಯಿತು. ಕುರಿಗಳು ಯಾರದೋ ಹೊಲಕ್ಕೆ ನುಗ್ಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅದರ ಬೈಗುಳವನ್ನು ಇನ್ನೊಂದು ಪತ್ರದಷ್ಟು ಬರೆಯಬಹುದು, ಬೇಡ.

ಅಲ್ಲಿಂದ ಅಪ್ಪನೇ ಉಂಡೆ ಕಟ್ಟಲು ಶುರು ಮಾಡಿದ. ದಡದ ಮೇಲೆ ಮೂರು ಕಲ್ಲು ಒಂದರ ಮೇಲೊಂದು ಇಟ್ಟು ಲಕ್ಕಿ ಸೊಪ್ಪು ಸಿಕ್ಕಿಸಿದ್ದೂ ಅವನೇ. ಆ ಗುರುತು ಇದ್ದರೆ ಈ ಮಡುವಿಗೆ ಯಾರೋ ಮೇವು ಹಾಕುತ್ತಿದ್ದಾರೆ, ಬೇರೆಯವರು ಗಾಳ ಇಳಿಸಬಾರದು ಎಂದು ಅರ್ಥ. ತಾತನ ಕಾಲದಿಂದ ನಮ್ಮ ಕಡೆ ಇದನ್ನು ಯಾರೂ ಮೀರಿದ್ದಿಲ್ಲ. ಹೋದ ವಾರ ಕ್ಯಾತಣ್ಣ ಚಿಕ್ಕಪ್ಪ ಮೀರಿದ.

ನಾನೂ ಅಪ್ಪನೂ ಕುರಿ ಹೊಡೆದುಕೊಂಡು ಹೋದಾಗ ಚಿಕ್ಕಪ್ಪ ಎರಡು ಗಾಳ ಇಳಿಸಿಕೊಂಡು, ನಮ್ಮ ಮೂರು ಕಲ್ಲುಗಳಲ್ಲಿ ಒಂದರ ಮೇಲೆ ಕೂತಿದ್ದ. ಅಪ್ಪ ಮೊದಲು ಮೆತ್ತಗೇ ಕೇಳಿದ, ‘ಏನ್ಲಾ ಕ್ಯಾತ, ಕಲ್ಲು ಕಾಣ್ಲಿಲ್ವಾ?’ ಚಿಕ್ಕಪ್ಪ ತಿರುಗಿಯೂ ನೋಡದೆ, ‘ಹೊಳೇಲಿ ಕಲ್ಲಿಗೇನು ಬರವಾ ಕಣಣ್ಣ’ ಎಂದ. ಶ್ರಾವಣ ಕಣ್ಲಾ ಎಂದು ಅಪ್ಪ ಹೇಳಿದರೆ, ‘ನಾನೇನು ತಿಂತೀನಾ? ಕೋಳಿ ಫಾರಂ ಹುಡುಗ್ರು ಕೇಳವ್ರೆ. ಅವ್ರೂರಾಗೆ ಶ್ರಾವಣ ಇಲ್ವಂತೆ’ ಎಂದ. ನನಗೆ ನಗು ಬಂತು, ತಡೆದುಕೊಂಡೆ. ಅಪ್ಪನಿಗೆ ಬರಲಿಲ್ಲ. ‘ಮೇವು ಹಾಕ್ದೋರು ಇರೋವಾಗ ಇನ್ನೊಬ್ರು ಗಾಳ ಇಳಿಸೋದು ನಮ್ಮಲ್ಲಿಲ್ಲ. ಎತ್ತು’ ಎಂದ.

ಅದಕ್ಕೆ ಚಿಕ್ಕಪ್ಪ ಅಂದದ್ದನ್ನು ಬರೆಯಬೇಕೋ ಬೇಡವೋ ಎಂದು ಯೋಚನೆ ಮಾಡಿದೆ. ನಿನಗೆ ನೋವಾಗುತ್ತದೆ. ಆದರೂ ಬರೆಯದಿದ್ದರೆ ಅಪ್ಪ ಅಂದದ್ದನ್ನು ಬರೆಯುವ ಹಾಗಿಲ್ಲ. ಚಿಕ್ಕಪ್ಪ ಅಂದದ್ದು ಹೀಗೆ: ‘ಮೇವಾಕ್ದೋರ್ದೇ ಮೀನು ಅಂತೀಯಲ್ಲಣ್ಣ, ಹದಿನೆಂಟೊರ್ಷ ಮೇವಾಕಿ ಸಾಕ್ದೆ, ಪಾತ್ರೆ ಟೆಂಪೋದೋನು ಬಂದು ಎತ್ಕೊಂಡೋದ. ಅವತ್ತು ನಿನ್ ಮೂರು ಕಲ್ಲು ಎಲ್ಲಿದ್ವು?’

ನನ್ನ ಕೈಯಲ್ಲಿ ಕುರಿ ಹೊಡೆಯುವ ಕೋಲಿತ್ತು. ನಾನು ಹೆದರುವವನು, ಆದರೆ ಆವತ್ತು ಕೋಲು ಗಟ್ಟಿ ಹಿಡಿದದ್ದು ನಿಜ. ಅಪ್ಪ ಮಾತ್ರ ನೀರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕೈಗೆ ಅಂಟಿದ್ದ ಮೇವು ತೊಳೆದುಕೊಂಡ. ಒಂದೊಂದೇ ಬೆರಳು ತೊಳೆದ. ಆಮೇಲೆ ಎದ್ದು, ಜೋರು ಮಾಡದೆ ಹೇಳಿದ. ‘ಮೀನು ಬೇರೆ, ಮಗಳು ಬೇರೆ ಕಣ್ಲಾ ಕ್ಯಾತ. ನನ್ ಮಗ್ಳು ಯಾವನ ಗಾಳಕ್ಕೂ ಸಿಕ್ಕೋಳಲ್ಲ. ಕಣ್ ಬುಟ್ಕೊಂಡು ನೋಡಿ, ಅವ್ಳಿಗೆ ಸರಿ ಕಂಡ ಕಡೆ ನಡ್ಕೊಂಡೋದ್ಲು. ಈಗ ಎತ್ತು ಗಾಳ.’

ನನ್ನ ಮಗಳು ಎಂದ ಅಕ್ಕಾ. ನಾನು ಅಲ್ಲೇ ನಿಂತಿದ್ದೆ, ನನ್ನ ಎರಡು ಕಿವಿಯಲ್ಲಿ ಕೇಳಿದೆ. ಚಿಕ್ಕಪ್ಪ ಗಾಳ ಸುತ್ತಿಕೊಂಡ. ಅವನು ಕೆಟ್ಟವನಲ್ಲ, ನಿನಗೆ ಗೊತ್ತು, ಬಾಯಿ ಮಾತ್ರ ಬೇಲಿ ಇಲ್ಲದ ಹೊಲ. ಹೋಗುವಾಗ, ‘ಅಷ್ಟೊಂದು ಇದ್ರೆ ಕರ್ಸ್ಕೋಬಾರ್ದಾ, ನನ್ ಮ್ಯಾಲೆ ಯಾಕ್ ತೋರ್ಸ್ತೀಯ’ ಎಂದು ಗೊಣಗಿಕೊಂಡು ಹೋದ. ಅಪ್ಪ ಬಿದ್ದಿದ್ದ ಕಲ್ಲನ್ನು ಮತ್ತೆ ಎತ್ತಿಟ್ಟ. ನಾನು ಹೊಸ ಲಕ್ಕಿ ಸೊಪ್ಪು ತಂದು ಕೊಟ್ಟೆ.

ಮನೆಗೆ ಬರುವ ದಾರಿಯಲ್ಲಿ, ಕುರಿಗಳು ಮುಂದೆ ಹೋಗಿ ಧೂಳು ಇಳಿದ ಮೇಲೆ ಅಪ್ಪ ಕೇಳಿದ, ‘ಆ ಹುಡ್ಗ ಈಗ್ಲೂ ಟೆಂಪೋಲಿ ಊರೂರು ತಿರುಗ್ತಾನಾ?’ ಇಲ್ಲಪ್ಪ, ಶಿರಾದಲ್ಲಿ ಬಾಡಿಗೆಗೆ ಪಾತ್ರೆ ಅಂಗಡಿ ತಗೊಂಡವ್ರೆ ಎಂದೆ. ‘ಹೂಂ. ಮಳೇಲಿ ಅಲೆಯೋದು ತಪ್ತು’ ಎಂದ. ಸ್ವಲ್ಪ ದೂರ ನಡೆದ ಮೇಲೆ, ‘ಅವ್ರ ಮನೇಲಿ ಮೀನು ಮುಟ್ಟಲ್ಲ, ಅಲ್ವಾ?’ ಎಂದ. ಮುಟ್ಟಲ್ಲ ಎಂದೆ. ‘ಪಾಪ’ ಎಂದ. ಯಾರಿಗೆ ಪಾಪ ಎಂದು ನಾನು ಕೇಳಲಿಲ್ಲ. ನೀನು ಈಗ ತಿನ್ನುತ್ತೀಯೋ ಇಲ್ಲವೋ ನನಗೂ ಗೊತ್ತಿಲ್ಲ. ತಿನ್ನದಿದ್ದರೂ ಏನಾಯಿತು, ಹಿಡಿಯುವುದಕ್ಕೆ ತಿನ್ನಲೇಬೇಕೆಂದಿಲ್ಲ. ಹಟ್ಟಿಯಲ್ಲಿ ನಿನ್ನಷ್ಟು ಹಗುರವಾಗಿ ಗಾಳ ಇಳಿಸುವವರು ಇವತ್ತಿಗೂ ಇಲ್ಲ. ನಾನು ಇಳಿಸಿದರೆ ಎಮ್ಮೆ ನೀರಿಗೆ ಬಿದ್ದ ಹಾಗೆ ಸದ್ದು.

ಈಗ ಮಡು ಹೇಗಿದೆ ಎಂದರೆ, ಬೆಳಿಗ್ಗೆ ನಾವು ದಡಕ್ಕೆ ಬರುವ ಹೊತ್ತಿಗೆ ಗೆಂಡೆಗಳು ಆಗಲೇ ಸೆಳವಿನ ಅಂಚಿಗೆ ಬಂದು ನಿಂತಿರುತ್ತವೆ. ಮೀಸೆ ಸಹ ಕಾಣುತ್ತದೆ. ಮೊದಲು ಅಪ್ಪನ ನೆರಳಿಗೆ ಹೆದರುತ್ತಿದ್ದವು, ಈಗ ಹೆದರುವುದಿಲ್ಲ. ನಿನ್ನೆಯಿಂದ ಅಪ್ಪ ಮೇವು ಕಡಿಮೆ ಮಾಡಿದ್ದಾನೆ. ಇನ್ನು ಭಾನುವಾರದ ತನಕ ಅರ್ಧ ಹೊಟ್ಟೆಗೆ ಮಾತ್ರ ಹಾಕುವುದು ಎಂದು ಹೇಳಿದ. ಶನಿವಾರ ಅಮಾವಾಸ್ಯೆಗೆ ಶ್ರಾವಣ ಮುಗಿಯುತ್ತದೆ, ಭಾನುವಾರ ಗಾಳ. ಸೂರಿನಿಂದ ಕೋಲುಗಳನ್ನು ಇಳಿಸಿ ಎಣ್ಣೆ ಒರೆಸಿದ್ದಾನೆ. ಕಣಜದ ಗೂಡು ತೆಗೆಯುವಾಗ ಅವನ ಕಿವಿಗೆ ಒಂದು ಕಡಿಯಿತು. ನಾನು ಸುಣ್ಣ ಹಚ್ಚಿದೆ.

ಈ ಸಲ ಗೆಂಡೆ ಸಿಕ್ಕೇ ಸಿಗುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮಾತಿನಲ್ಲಿ ನಾನು ಹಿಂದೆ ಇರಬಹುದು, ಮೇವಿನಲ್ಲಿ ಹಿಂದೆ ಇಲ್ಲ. ನಿನ್ನೆ ಉಂಡೆ ಕಟ್ಟುತ್ತಾ ಅಪ್ಪ ಯಾರ್ಯಾರು ಎಲ್ಲಿ ಕೂರುವುದು ಎಂದೂ ಗೊತ್ತು ಮಾಡಿದ. ‘ನಾನು ಕೆಳಗಿನ ಕಲ್ ಮ್ಯಾಲೆ ಕೂರ್ತೀನಿ. ನೀನು ಹೊಂಗೆ ಬುಡ್ದಾಗೆ ಕೂತ್ಕೋ’ ಎಂದ. ಆನೆಬಂಡೆಯ ಮೇಲೆ ಯಾರು ಎಂದು ಹೇಳಲಿಲ್ಲ. ಮಡುವಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅದನ್ನು ಖಾಲಿ ಬಿಟ್ಟು ಯಾರೂ ಮೀನು ಹಿಡಿಯುವುದಿಲ್ಲ. ಅಲ್ಲಿ ಯಾವಾಗಲೂ ನೀನೇ ಕೂರುತ್ತಿದ್ದೆ. ನಾನು ‘ಆಗ್ಲಪ್ಪ’ ಎಂದು ಸುಮ್ಮನಾದೆ. ಗಾಳವನ್ನು ಬೇಗ ತೋರಿಸಬಾರದು ಎನ್ನುವುದನ್ನು ಈಗ ಕಲಿತಿದ್ದೇನೆ.

ಬಾವನಿಗೆ ನನ್ನ ನಮಸ್ಕಾರ ಹೇಳು. ದಾಕ್ಷಾಯಣಮ್ಮನವರಿಗೆ ನನ್ನದೂ ಅಮ್ಮನದೂ ನಮಸ್ಕಾರ. ಗಗನಾಗೆ ಎರಡೂ ಕೆನ್ನೆಗೆ ಮುತ್ತು, ಅವಳಿಗೆ ಒಬ್ಬ ಸೋದರಮಾವ ಇದ್ದಾನೆ, ಮಾತು ಕಡಿಮೆ, ಕುರಿಮರಿ ಕೊಡುತ್ತಾನೆ ಎಂದು ಹೇಳು. ನಿನ್ನ ಗಂಟಲಿಗೆ ಬಿಸಿ ನೀರು ಕುಡಿ. ದೇವರು ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ.

ನಿನ್ನ ತಮ್ಮ,
ಚಿಕ್ಕರಾಜು

ಮರೆತ ಮಾತು: ಪುರವರಕ್ಕೆ ಹೋಗುವ ಬಸ್ಸು ಬರುವ ಹೊತ್ತಾಯಿತು, ಇದನ್ನು ಟಪಾಲಿಗೆ ಹಾಕಬೇಕು, ಬೇಗ ಬರೆಯುತ್ತೇನೆ. ಭಾನುವಾರ ಬಾ ಅಕ್ಕಾ. ಬಾವನನ್ನೂ ಗಗನಾಳನ್ನೂ ಕರೆದುಕೊಂಡು ಬಾ. ಹಟ್ಟಿಗೆ ಬರಬೇಡ, ಜನ ಸೇರಿದರೆ ಅಪ್ಪ ಬಿಗಿದುಕೊಳ್ಳುತ್ತಾನೆ. ಸೇತುವೆ ಹತ್ತಿರ ಇಳಿದು ನೇರ ಮಡುವಿಗೇ ಬಾ, ಬಿಸಿಲು ಇಳಿಯುವ ಹೊತ್ತಿಗೆ. ಬಂದು ಏನೂ ಮಾತಾಡಬೇಡ, ಕಾಲಿಗೆ ಬೀಳುವುದೂ ಅಳುವುದೂ ಆಮೇಲೆ ಮಾಡಬಹುದು. ಮೊದಲು ಬಂಡೆಯ ಮೇಲೆ ಕೂತುಕೋ, ಕೋಲು ನಾನು ಕೊಡುತ್ತೇನೆ. ಬಾವನ ಊಟಕ್ಕೆ ಯೋಚನೆ ಬೇಡ, ಮೀನು ಕಾಣದ ಹೊಸ ಪಾತ್ರೆಯಲ್ಲಿ ಅಮ್ಮ ಹುರುಳಿ ಸಾರು ಮಾಡುತ್ತಾಳೆ. ಪಾತ್ರೆ ತೆಳ್ಳಗಿದೆ, ಅವರು ಕೈಯಲ್ಲಿ ಹಿಡಿದು ತೂಗಿ ನೋಡದೆ ಇರಲಿ. ಈ ಪತ್ರದ ವಿಷಯ ಅಪ್ಪನಿಗೆ ನಾನು ಹೇಳಿಲ್ಲ, ಅವನೂ ಕೇಳಿಲ್ಲ. ಆದರೆ ಇವತ್ತು ಬೆಳಿಗ್ಗೆ ಮೇವು ಹಾಕಿದ ಮೇಲೆ ಅಪ್ಪ ಕುಡುಗೋಲು ತೆಗೆದುಕೊಂಡು, ಸೇತುವೆಯಿಂದ ಮಡುವಿಗೆ ಇಳಿಯುವ ದಾರಿಯಲ್ಲಿ ಎರಡೂ ಕಡೆಯ ಜಾಲಿ ಮುಳ್ಳು ಸವರಿದ. ನಮ್ಮಿಬ್ಬರಿಗೆ ಆ ದಾರಿಯಲ್ಲಿ ಮುಳ್ಳು ತಾಗುತ್ತಿರಲಿಲ್ಲ. ಯಾಕಪ್ಪ ಇಷ್ಟು ಅಗಲ ಎಂದು ಕೇಳಿದೆ. ಅಪ್ಪ ತಿರುಗಿ ನೋಡದೆ, ‘ಮಗೂನ ಸೊಂಟದ ಮ್ಯಾಲೆ ಎತ್ಕೊಂಡು ಇಳಿಯೋರ್ಗೆ ಅಷ್ಟು ಬೇಕಾಯ್ತದೆ ಕಣ್ಲಾ’ ಎಂದು, ಇನ್ನೊಂದು ಕೊಂಬೆ ಕಡಿದ.